ಹಳದಿ ಬಣ್ಣವನ್ನು ನಂಬಿ ಕೆಟ್ಟೆ

ಬೆಂಗಳೂರಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ನನ್ನ ಕೆಲಸವೆಲ್ಲ ಒಂದೇ ಎಂಜೈಮಿನ ಸುತ್ತ. ಪೆನಿಸಿಲಿನ್ ಜಿ ಅಸೈಲೇಸ್. ಪೆನಿಸಿಲಿನ್ ಜಿಯ ಬಾಲ ಕತ್ತರಿಸಿ 6-ಎಪಿಎ ಎಂಬ ತಿರುಳನ್ನು ಕೊಡುವುದು ಇದೇ. ಅಮಾಕ್ಸಿಸಿಲಿನ್ ತಯಾರಿ ಶುರುವಾಗುವುದು ಅಲ್ಲಿಂದ. ಹಿಂದೆ ಈ ಕತ್ತರಿಕೆಗೆ ಮೈನಸ್ 40 ಡಿಗ್ರಿಯ ಚಳಿ, ಫಾಸ್ಫರಸ್ ಪೆಂಟಾಕ್ಲೋರೈಡ್, ಡೈಕ್ಲೋರೋಮೀಥೇನ್ ಎಲ್ಲ ಬೇಕಿತ್ತು. ಈಗ ಉಗುರುಬೆಚ್ಚಗಿನ ನೀರು, ಪಿಎಚ್ 8 ಸಾಕು.

ಆದರೆ ನಮಗೆ ಬೇಕಿದ್ದದ್ದು ಕತ್ತರಿಸುವುದಲ್ಲ, ಹೊಲಿಯುವುದು. 7-ಎಡಿಸಿಎ ಎಂಬ ಅಂಥದೇ ಇನ್ನೊಂದು ತಿರುಳಿಗೆ ಫಿನೈಲ್‌ಗ್ಲೈಸೀನ್ ಮೀಥೈಲ್ ಎಸ್ಟರ್ ಜೋಡಿಸಿದರೆ ಸೆಫಲೆಕ್ಸಿನ್ ಎಂಬ ಆಂಟಿಬಯೋಟಿಕ್. ಜೋಡಿಸುವುದೂ ಇದೇ ಎಂಜೈಮ್. ತೊಂದರೆ ಏನಪ್ಪಾ ಅಂದರೆ, ಹೊಲಿದದ್ದನ್ನು ಅದೇ ಬಿಚ್ಚುತ್ತದೆ. ಎಸ್ಟರನ್ನೂ ನೀರಿನ ಜೊತೆ ಸೇರಿಸಿ ಹಾಳು ಮಾಡುತ್ತದೆ. ಹೊಲಿದದ್ದೆಷ್ಟು, ನೀರುಪಾಲಾದದ್ದೆಷ್ಟು? ಈ ಲೆಕ್ಕವನ್ನು ನಾವು ಎಸ್ ಬೈ ಎಚ್ (ಸಿಂಥೆಸಿಸ್ ಬೈ ಹೈಡ್ರಾಲಿಸಿಸ್) ಅನ್ನುತ್ತೇವೆ. ಅದನ್ನು ಏರಿಸಲು ಎಂಜೈಮನ್ನೇ ಬದಲಿಸಬೇಕಿತ್ತು.

ಎಂಜೈಮಿನ ನೂರಾರು ಮ್ಯೂಟೆಂಟ್‌ಗಳನ್ನು, ಅಂದರೆ ಬದಲಿಸಿದ ರೂಪಗಳನ್ನು ಮಾಡಿ 96 ವೆಲ್‌ನ, ಅಂದರೆ ಪುಟ್ಟ ಗುಳಿಗಳ ಪ್ಲೇಟಿಗೆ ಹಾಕಿದೆ. ನಿಪಾಬ್ ಎಂಬ ಪುಡಿಯ ದ್ರಾವಣ ಸೇರಿಸಿದರೆ ಎಂಜೈಮ್ ಕೆಲಸ ಮಾಡಿದ ವೆಲ್ ಹಳದಿಯಾಗುತ್ತದೆ. ಅರಿಶಿನದ ನೀರಿನಂತೆ ಗಾಢವಾದವನ್ನು ಇಟ್ಟುಕೊಂಡೆ. ಪೇಲವವಾದವನ್ನು ಕೈಬಿಟ್ಟೆ. ಎರಡು ತಿಂಗಳು ಹೀಗೇ ನಡೆಯಿತು. ಎಸ್ ಬೈ ಎಚ್ ಮಾತ್ರ ಅಲ್ಲಾಡಲಿಲ್ಲ.

ಒಂದು ದಿನ ನಮ್ಮ ಸೀನಿಯರ್ ಪ್ಲೇಟ್ ನೋಡುತ್ತಾ, "ಅಲ್ಲಮ್ಮಾ, ನಿಪಾಬ್ ತೋರಿಸೋದು ಕತ್ತರಿಸೋದನ್ನ ತಾನೇ? ನೀನು ಹುಡುಕ್ತಿರೋದು ಹೊಲಿಯೋದನ್ನ ಅಲ್ವಾ?" ಅಂದರು.

ನಾನು ಮಾತಾಡಲಿಲ್ಲ.

ಪುಣ್ಯಕ್ಕೆ ಕೈಬಿಟ್ಟವುಗಳ ಸ್ಟಾಕ್ ಮೈನಸ್ 80ರ ಫ್ರೀಜರಿನಲ್ಲಿತ್ತು. ಈ ಸಲ ಬಣ್ಣ ಬಿಟ್ಟು, ಒಂದೊಂದನ್ನೇ ಎಚ್‌ಪಿಎಲ್‌ಸಿಗೆ (ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹಾಕಿ ಸೆಫಲೆಕ್ಸಿನ್ ಅಳೆದೆ. ಜಾಸ್ತಿ ಹೊತ್ತು ಹಿಡಿಯುವ ಕೆಲಸ. ಗೆದ್ದದ್ದು ಬಣ್ಣವೇ ಬರದಂತಿದ್ದ ಒಂದು ವೆಲ್. ಎಂಜೈಮಿನ ಎರಡು ಸರಪಳಿಗಳಲ್ಲಿ ಬೀಟಾ ಎಂಬುದರ 24ನೇ ಜಾಗದಲ್ಲಿ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲ ಹೋಗಿ ಅಲನೀನ್ ಬಂದಿತ್ತು. ಇದೇ ಬದಲಾವಣೆ ಆಂಪಿಸಿಲಿನ್ ಹೊಲಿಯಲು ಒಳ್ಳೆಯದೆಂದು ನೆದರ್ಲೆಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದವರು 2000ದ ದಶಕದ ಆರಂಭದಲ್ಲೇ ತೋರಿಸಿದ್ದರು. ಓದಿರಲಿಲ್ಲವೇ ಅಂದರೆ, ಓದಿದ್ದೆ!

ಇನ್ನೊಂದು ತೊಂದರೆ: ಈ ಎಂಜೈಮ್ ತಯಾರಿಸುವ ಬ್ಯಾಕ್ಟೀರಿಯಾ ಬೆಳೆಸುವಾಗ 37 ಡಿಗ್ರಿ ಇಟ್ಟರೆ ಪ್ರೋಟೀನ್ ಗಂಟುಗಟ್ಟುತ್ತದೆ. ಈ ಎಂಜೈಮ್ ಮೊದಲು ಒಂದೇ ಎಳೆಯಾಗಿ ಹುಟ್ಟಿ, ತನ್ನನ್ನು ತಾನೇ ಕತ್ತರಿಸಿಕೊಂಡು ಎರಡು ಸರಪಳಿಯಾಗಬೇಕು. 22 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟೆ, ಸರಿಹೋಯಿತು.

ಆಮೇಲೆ ಎಂಜೈಮನ್ನು ಬೀಡ್ ಎಂಬ ಸಣ್ಣ ಮಣಿಗಳಿಗೆ ಅಂಟಿಸಿದೆವು. ಸೋಸಿ ಮತ್ತೆ ಮತ್ತೆ ಬಳಸಲು ಅದೇ ದಾರಿ. ನಾಲ್ಕನೇ ಬ್ಯಾಚಿಗೇ ಫಿಲ್ಟರ್ ಕಟ್ಟಿಕೊಂಡಿತು. ಸೋಸಿದ ನೀರು ಅಕ್ಕಿ ತೊಳೆದ ನೀರಿನಂತೆ ಕಾಣುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದುಂಡಗಿದ್ದ ಬೀಡ್‌ಗಳೆಲ್ಲ ಒಡೆದ ರವೆ. ಫ್ಲಾಸ್ಕಿನ ತಳದಲ್ಲಿ ತಿರುಗುವ ಮ್ಯಾಗ್ನೆಟಿಕ್ ಬಾರ್ ಅವನ್ನು ಒರಳಿನಲ್ಲಿ ಅರೆದಂತೆ ಅರೆದುಹಾಕಿತ್ತು. ಮೇಲಿನಿಂದ ಇಳಿಯುವ ಸ್ಟಿರರ್ ಹಾಕಿ, ನಿಧಾನಕ್ಕೆ ತಿರುಗಿಸಿದೆವು. ಮುಂದಿನ ಬ್ಯಾಚಿನಲ್ಲಿ ಸೋಸಿದ ನೀರು ತಿಳಿಯಾಗಿ ಬಂತು.