ಡಿಪಿಯಲ್ಲಿ ಏಟು ತಿಂದ ಮುಖ: ನಮ್ಮ ಗುಂಪಿನಲ್ಲಿ ನಾವು ಮಾಡಿದ್ದು

ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ ಮಾತಾಡುವ ಒಂದು ವಾಟ್ಸಾಪ್ ಗುಂಪು, ಅದಕ್ಕೆ ಜೋಡಿಯಾಗಿ ಒಂದು ಫೇಸ್‌ಬುಕ್ ಗುಂಪು. ಎರಡಕ್ಕೂ ನಾನು ಅಡ್ಮಿನ್, ಜೊತೆಗೆ ಇನ್ನಿಬ್ಬರು ಗೆಳತಿಯರು. ಟೀಚರ್‌ಗಳು, ಆಶಾ ಕಾರ್ಯಕರ್ತೆಯರು, ಗಾರ್ಮೆಂಟ್ಸ್‌ಗೆ ಹೋಗುವವರು, ದುಬೈನಲ್ಲಿ ಕೂತು ಕನ್ನಡದಲ್ಲಿ ನಾಲ್ಕು ಮಾತಾಡಲು ಬರುವವರು, ಎಲ್ಲರೂ ಇದ್ದಾರೆ. ದೇವಸ್ಥಾನ ಪ್ರವೇಶದ ಬಗ್ಗೆ ಜಗಳ ಆಡಿದ್ದೇವೆ, ಮುಟ್ಟಿನ ರಜೆ ಬಗ್ಗೆ ಆಡಿದ್ದೇವೆ. ಆದರೆ ಜಾಸ್ತಿ ದಿನ ಎಳೆದಾಡಿದ್ದು ಡಿಪಿ, ಅಂದರೆ ಪ್ರೊಫೈಲ್ ಫೋಟೋ ವಿಷಯ.

ಯಾವ ಥರದ ಡಿಪಿ ಅಂತ ನಿಮಗೂ ಗೊತ್ತಿರುತ್ತದೆ. ಕಣ್ಣು ಊದಿದ ಹೆಣ್ಣಿನ ಮುಖ, ಬಾಯಿ ಮೇಲೆ ಗಂಡಸಿನ ಕೈ, ಮೂಲೆಯಲ್ಲಿ ಮಂಡಿ ತಬ್ಬಿ ಕೂತ ಹುಡುಗಿ. ನವೆಂಬರ್ 25ರ ಮಹಿಳಾ ದೌರ್ಜನ್ಯ ವಿರೋಧಿ ದಿನ ಬಂದಾಗ, ಇಲ್ಲವೇ ಎಲ್ಲಾದರೂ ದೊಡ್ಡ ಪ್ರಕರಣ ಆದಾಗ ಒಬ್ಬರು ಹಾಕುತ್ತಾರೆ, ನೋಡಿ ಇನ್ನೊಬ್ಬರು ಹಾಕುತ್ತಾರೆ. 2012ರ ದೆಹಲಿ ಘಟನೆಯ ಹೊತ್ತಿಗೆ ತುಂಬ ಜನ ಬರೀ ಒಂದು ಕಪ್ಪು ಚುಕ್ಕೆ ಹಾಕಿಕೊಂಡಿದ್ದರು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. 2013ರಲ್ಲಿ ಕೌಟುಂಬಿಕ ದೌರ್ಜನ್ಯದ ವಿರುದ್ಧ ಒಂದು ಜಾಹೀರಾತು ಬಂತು, ಹಳೇ ಕ್ಯಾಲೆಂಡರ್ ಚಿತ್ರಗಳ ಹಾಗೇ ದುರ್ಗೆ, ಲಕ್ಷ್ಮಿ, ಸರಸ್ವತಿ, ಆದರೆ ಮುಖದ ತುಂಬ ಬಾಸುಂಡೆ. ಆ ಚಿತ್ರಗಳು ಇವತ್ತಿಗೂ ನಮ್ಮಲ್ಲಿ ಆಗಾಗ ತಲೆ ಎತ್ತುತ್ತವೆ. 2023ರ ಜುಲೈನಲ್ಲಿ ಮಣಿಪುರದ ವಿಡಿಯೋ ಹೊರಬಂದಾಗ ಅದನ್ನೇ ಚಿತ್ರವಾಗಿ ಬರೆದು ಡಿಪಿ ಮಾಡಿಕೊಂಡರು. ಬಟ್ಟೆ ಕಿತ್ತ ಹೆಣ್ಣುಮಕ್ಕಳನ್ನ ಇನ್ನೊಮ್ಮೆ ಬಟ್ಟೆ ಇಲ್ಲದೇ ಬರೆಯೋದು! ಸಿಟ್ಟು ಅರ್ಥ ಆಗುತ್ತದೆ, ಕೈ ಮಾತ್ರ ತಪ್ಪು ಕಡೆ ಹೋಗಿದೆ ಅನ್ನಿಸಿತು.

ಸದಸ್ಯೆಯೊಬ್ಬರು ನನಗೊಬ್ಬಳಿಗೇ ಮೆಸೇಜ್ ಹಾಕಿದರು: 'ಅಕ್ಕಾ, ಊದಿದ ಮುಖದ ಡಿಪಿ ಹಾಕಿರೋರು ಬರೆದಿರೋದು ಹಲಸಿನ ಹಣ್ಣಿನ ದೋಸೆ ಬಗ್ಗೆ. ಪಕ್ಕದಲ್ಲಿ ಆ ಮುಖ. ನಾನು ಗುಂಪು ಮ್ಯೂಟ್ ಮಾಡಿದೀನಿ, ಬೇಜಾರಾಗಬೇಡಿ.'

ಪೋಸ್ಟ್ ಆದರೆ ಮೇಲೆ ಒಂದು ಸಾಲು ಎಚ್ಚರಿಕೆ ಬರೆಯಬಹುದು, ಬೇಡ ಅನ್ನೋರು ದಾಟಿ ಹೋಗುತ್ತಾರೆ. ಡಿಪಿಗೆ ಆ ಅನುಕೂಲ ಇಲ್ಲ. ಹುಟ್ಟುಹಬ್ಬದ ಶುಭಾಶಯಕ್ಕೂ ಅದೇ ಮುಖ, 'ಓಕೆ' ಅಂದರೂ ಅದೇ ಮುಖ. ಫೋನಿನ ಪರದೆ ಮೇಲೆ ನೋಟಿಫಿಕೇಶನ್ ಜೊತೆಗೂ ಬಂದು ಕೂರುತ್ತದೆ. ಗಂಡ, ಅತ್ತೆ ಫೋನ್ ಇಣುಕಿ ನೋಡುವ ಮನೆಗಳಲ್ಲಿ 'ಇದೇನು ಗುಂಪು ಇದು?' ಅನ್ನುವ ವಿಚಾರಣೆಗೆ ಅಷ್ಟು ಸಾಕು.

ಇನ್ನೊಂದು ಲೆಕ್ಕವನ್ನೂ ಗುಂಪಿನ ಮುಂದೆ ಇಟ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಇಡೀ ದೇಶದ ಸರಾಸರಿ ಶೇ 29ರ ಆಸುಪಾಸು. ಅಂದಮೇಲೆ ನಮ್ಮ ಗುಂಪಿನಲ್ಲಿ ಎಷ್ಟು ಜನ ಇರಬಹುದು, ನೀವೇ ಯೋಚಿಸಿ ಅಂದೆ. ಅವರಿಗೆ ಊದಿದ ಕಣ್ಣು ಹೇಗಿರುತ್ತದೆ ಅಂತ ನಾವು ತೋರಿಸಬೇಕಾ? ಹಾಗಾಗಿ ಗುಂಪಿನಲ್ಲಿ ಇಂಥ ಡಿಪಿ ಬೇಡ ಅಂತ ನಿಯಮ ಮಾಡಿದೆವು.

ನಿಜವಾದ ಸಂತ್ರಸ್ತೆಯ ಫೋಟೋ ವಿಷಯದಲ್ಲಿ ಚರ್ಚೆಯೇ ಇಟ್ಟುಕೊಳ್ಳಲಿಲ್ಲ. ಅತ್ಯಾಚಾರ ಪ್ರಕರಣದಲ್ಲಿ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಹಿಂದೆ ಇದೇ ಐಪಿಸಿಯಲ್ಲಿ 228ಎ ಆಗಿತ್ತು. ಆಕೆ ತೀರಿಹೋಗಿದ್ದರೂ ಹೀಗೇ ಅಂತ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರ ಆಗಸ್ಟ್‌ನಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಕೋಲ್ಕತ್ತಾದ ವೈದ್ಯೆಯ ಹೆಸರು, ಫೋಟೋ ಎಲ್ಲ ಕಡೆಯಿಂದ ತೆಗೆಯಿರಿ ಅಂತ ಅದೇ ಕೋರ್ಟ್ ಆದೇಶ ಕೊಟ್ಟಿತು. ಆ ದಿನ ನಮ್ಮಲ್ಲೂ ಕೆಲವರ ಡಿಪಿಯಲ್ಲಿ ಆ ಹುಡುಗಿ ನಗುತ್ತಿದ್ದಳು. ಒಬ್ಬೊಬ್ಬರಿಗೂ ಹೇಳಿ ತೆಗೆಸಿದೆವು. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್ ಹಂಚಿದರಲ್ವಾ, ಆಗಲೇ ಈ ವಿಷಯದಲ್ಲಿ ಗಟ್ಟಿಯಾಗಿದ್ದೆವು. ಮುಖ ಮುಚ್ಚದ ವಿಡಿಯೋಗಳು ಊರೂರು ತಿರುಗಿ, ಆ ಹೆಂಗಸರು ಮನೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಅದರ ಒಂದು ಸ್ಕ್ರೀನ್‌ಶಾಟ್ ಕೂಡ, ಮಸುಕು ಮಾಡಿದ್ದರೂ, ನಮ್ಮಲ್ಲಿ ಬರಬಾರದು ಅಂದೆವು.

ಎಲ್ಲರೂ ಒಪ್ಪಲಿಲ್ಲ. ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ, 80ರ ದಶಕದಿಂದ ಬೀದಿ ಹೋರಾಟದಲ್ಲಿ ಇದ್ದವರು. 'ಸುಟ್ಟ ಮೈಯ ಫೋಟೋ ಹಿಡಿದು ನಾವು ಮೆರವಣಿಗೆ ಹೋಗದಿದ್ದರೆ ಸ್ಟೌ ಸಿಡೀತು ಅಂತ ಬರೆದು ಫೈಲ್ ಮುಚ್ಚುತ್ತಿದ್ದರು. ಈಗ ನೀವು ಬಂದು ನೋಡೋಕಾಗಲ್ಲ ಅಂತೀರಾ?' ಅಂತ ಕೇಳಿದರು. ಅವರ ಮಾತನ್ನ ತಳ್ಳಿಹಾಕೋ ಹಾಗಿಲ್ಲ. ಬೆಂಗಳೂರಿನ ವಿಮೋಚನಾದಂಥ ಮಹಿಳಾ ಸಂಘಟನೆಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತ ಹೆಂಗಸರ ಆ 'ಸ್ಟೌ ಸಾವು'ಗಳ ಹಿಂದೆ ಬೀಳದೇ ಇದ್ದಿದ್ದರೆ ಎಷ್ಟು ಕೊಲೆಗಳು ಆಕಸ್ಮಿಕ ಅಂತಲೇ ಉಳಿಯುತ್ತಿದ್ದವೋ. ನಾನು ಹೇಳಿದ್ದು ಇಷ್ಟೇ: ಮೇಡಂ, ನಿಮ್ಮ ಬೋರ್ಡ್ ಮುಖ ಮಾಡಿದ್ದು ಠಾಣೆ ಕಡೆಗೆ, ಕೋರ್ಟ್ ಕಡೆಗೆ. ಗುಂಪಿನ ಡಿಪಿ ಮುಖ ಮಾಡಿರೋದು ನಮ್ಮ ಕಡೆಗೇ. ಅವರು ಪೂರ್ತಿ ಒಪ್ಪಿದರು ಅಂತ ಹೇಳಲಾರೆ. ಆದರೆ ತಮ್ಮ ಡಿಪಿ ಬದಲಾಯಿಸಿದರು.

ಹೇಳುವ ರೀತಿ ಮುಖ್ಯ. ಗುಂಪಿನಲ್ಲಿ ಯಾರ ಹೆಸರೂ ಎತ್ತುವುದಿಲ್ಲ. ಬರೆದರೆ ಬೈದ ಹಾಗೆ ಕೇಳುತ್ತದೆ, ಅದಕ್ಕೇ ವಾಯ್ಸ್ ಮೆಸೇಜ್ ಕಳಿಸುತ್ತೇನೆ. 'ನಿಮ್ಮ ಡಿಪಿ ನೋಡಿದೆ, ಯಾಕೆ ಹಾಕಿದ್ದೀರಿ ಅಂತ ಅರ್ಥ ಆಯ್ತು. ಗುಂಪಲ್ಲಿ ಕೆಲವರಿಗೆ ಅದನ್ನ ನೋಡೋದು ಕಷ್ಟ ಆಗ್ತಿದೆ. ಅದೇ ಮಾತನ್ನ ಪೋಸ್ಟ್ ಆಗಿ ಬರೀರಿ, ನಾನೇ ಪಿನ್ ಮಾಡ್ತೀನಿ.' ಬಹಳಷ್ಟು ಜನ ಅವತ್ತೇ ತೆಗೆದರು. ಕೆಲವರು ಸಿಟ್ಟು ಮಾಡಿಕೊಂಡು ಗುಂಪು ಬಿಟ್ಟರು. ಹೋಗಲಿ.

ಕಷ್ಟ ಆಗಿದ್ದು ಬೇರೆ ಕಡೆ. ಒಂದು ಬೆಳಿಗ್ಗೆ ಸದಸ್ಯೆಯೊಬ್ಬರ ಡಿಪಿ ಬದಲಾಯಿತು. ಎಡಗಣ್ಣು ಮುಚ್ಚಿಹೋಗಿತ್ತು, ತುಟಿ ಒಡೆದಿತ್ತು. ಅದು ಅವರದೇ ಮುಖ.

ತೆಗೆಯಿರಿ ಅಂತ ಹೇಳಲು ನಾವು ಯಾರು? ತನ್ನ ಮುಖವನ್ನ ತಾನು ತೋರಿಸೋದು, ಇನ್ಯಾರದೋ ನೋವನ್ನ ಎರವಲು ತಂದು ಹಾಕಿಕೊಂಡ ಹಾಗಲ್ಲ. ನಿಯಮ ಇವರಿಗೆ ಅಲ್ಲ ಅಂತ ಮೂವರೂ ತೀರ್ಮಾನ ಮಾಡಿದೆವು. ಮೆಸೇಜ್ ಬಿಟ್ಟು ಫೋನ್ ಮಾಡಿದೆ. ಮೊದಲು ಕೇಳಿದ್ದು, 'ಈಗ ಎಲ್ಲಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ?' ಗಂಡನ ಕಡೆಯವರ ಫೋನಿನಲ್ಲೂ ಈ ಡಿಪಿ ಕಾಣುತ್ತದೆ, ಅದು ಗೊತ್ತಿದ್ದೇ ಹಾಕಿದ್ದಾ ಅಂತ ಆಮೇಲೆ ಕೇಳಿದೆ. ಹೌದು, ನೋಡಲಿ ಅಂತಲೇ ಹಾಕಿದ್ದು ಅಂದರು. ತವರಿನಲ್ಲಿದ್ದರು, ಅಷ್ಟು ಸಮಾಧಾನ.

ಆಮೇಲೆ ಕೆಲಸದ ಮಾತು. ಡಿಪಿ ಇರಲಿ, ಆದರೆ ಕೇಸಿಗೆ ಅದು ಸಾಲದು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಚಿಕ್ಕದಾಗುತ್ತದೆ, ತೆಗೆದ ದಿನ, ಹೊತ್ತಿನ ವಿವರವೂ ಹೋಗುತ್ತದೆ. ಅದಕ್ಕೇ ಕ್ಯಾಮೆರಾದಲ್ಲಿರುವ ಮೂಲ ಫೋಟೋ ಅಳಿಸಬೇಡಿ, ಎಡಿಟ್ ಮಾಡಬೇಡಿ, ಫೋನನ್ನೂ ಮಾರಬೇಡಿ ಅಂದೆ. ಕೋರ್ಟಿಗೆ ಕೊಡುವಾಗ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನ ವಕೀಲರು ಮಾಡಿಸುತ್ತಾರೆ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಬಿದ್ದೆ ಅನ್ನಬೇಡಿ, ಹೊಡೆದರು ಅಂತಲೇ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಆಸ್ಪತ್ರೆ ದಾಖಲೆ) ಮಾಡಿಸಿ ಅಂದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅರ್ಜಿ ಹಾಕಲು ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಬಹುದು, ರಾತ್ರಿ ಹೊತ್ತು ಏನಾದರೂ ಆದರೆ ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಹಾಯದ 112. ಇಷ್ಟನ್ನೂ ಬರೆದು ಕಳಿಸಿದೆ. ಅವರ ಡಿಪಿ ಸುಮಾರು ದಿನ ಹಾಗೇ ಇತ್ತು. ಗುಂಪಿನಲ್ಲಿ ಯಾರೂ ಕಂಪ್ಲೇಂಟ್ ಮಾಡಲಿಲ್ಲ, ಆ ದೋಸೆ ಮೆಸೇಜ್ ಹಾಕಿದ್ದವರೂ ಸೇರಿ.

ಚಿತ್ರ ಬೇಡ ಅಂದಮೇಲೆ ಬದಲಿಗೆ ಏನು ಅನ್ನೋ ಪ್ರಶ್ನೆ ಬಂದೇ ಬಂತು. ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪತೇಜಾ ಶುರು ಮಾಡಿದ ಬ್ಲ್ಯಾಂಕ್ ನಾಯ್ಸ್, ಕಿರುಕುಳ ಆದ ದಿನ ಹೆಣ್ಣುಮಕ್ಕಳು ತೊಟ್ಟಿದ್ದ ಬಟ್ಟೆಗಳನ್ನ ಕೂಡಿಹಾಕುತ್ತದೆ. ಯೂನಿಫಾರ್ಮು, ಚೂಡಿದಾರ, ಸೀರೆ. ಮೆಕ್ಸಿಕೋದ ಕಲಾವಿದೆ ಎಲಿನಾ ಶೋವೆ 2009ರಲ್ಲಿ, ಕೊಲೆಯಾದ, ಕಾಣೆಯಾದ ಹೆಣ್ಣುಮಕ್ಕಳ ನೆನಪಿಗೆ ಬೀದಿಯಲ್ಲಿ ಕೆಂಪು ಚಪ್ಪಲಿ, ಶೂಗಳನ್ನ ಸಾಲಾಗಿ ಇಟ್ಟರು. ಕಾಲುಗಳು ಮಾತ್ರ ಇಲ್ಲ. ಎರಡನ್ನೂ ಗುಂಪಿಗೆ ತೋರಿಸಿದೆ. ಕಳೆದ ನವೆಂಬರ್‌ನಲ್ಲಿ ಒಬ್ಬರು ತಮ್ಮ ಹಳೇ ಕಾಲೇಜಿನ ದುಪಟ್ಟಾ ಹಾಕಿದರು, ಇನ್ನೊಬ್ಬರು ಬಸ್ ಪಾಸ್. ಬಸ್ ಪಾಸ್ ಯಾಕೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಾಯಿತು.

ಈಗಿನ ಹೊಸ ಕಾಟ ಎಐ ಚಿತ್ರಗಳದು. ಬೆಳ್ಳಗಿನ ಮುಖ, ತಿದ್ದಿದ ಹುಬ್ಬು, ಕೆನ್ನೆ ಮೇಲೆ ಅಂದವಾಗಿ ಒಂದು ಗಾಯ, ಒಂದೇ ಹನಿ ಕಣ್ಣೀರು. 'ಇದು ಯಾರ ಫೋಟೋನೂ ಅಲ್ವಲ್ಲ, ಹಾಕಿದ್ರೆ ಏನು?' ಅಂತ ಕೇಳುತ್ತಾರೆ. ಯಾರದೂ ಅಲ್ಲ ಸರಿ, ನೋಡೋರು ಮಾತ್ರ ಏಟು ತಿಂದ ಅದೇ ಹೆಂಗಸರು ಅಲ್ವಾ ಅಂತ ವಾಯ್ಸ್ ಮೆಸೇಜ್ ಹಾಕಿ, ದುಪಟ್ಟಾ ಫೋಟೋ ಇದ್ದರೆ ಕಳಿಸಿ ಅನ್ನುತ್ತೇನೆ.