ಮೂಲೆಯಲ್ಲಿರುವ ಡೆಸ್ಕ್‌ಟಾಪನ್ನೇ ವೆಬ್ ಸರ್ವರ್ ಮಾಡಿ

ಜಗತ್ತಿನ ಮೊದಲ ವೆಬ್ ಸರ್ವರ್ (ವೆಬ್‌ಸೈಟಿನ ಪುಟಗಳನ್ನು ಕೇಳಿದವರಿಗೆ ಕಳಿಸುವ ವ್ಯವಸ್ಥೆ) ಓಡಿದ್ದು ಮೇಜಿನ ಮೇಲಿಡುವ ನೆಕ್ಸ್ಟ್ ಕಂಪ್ಯೂಟರ್‌ನಲ್ಲಿ. 1990ರ ಕೊನೆಗೆ ಯುರೋಪಿನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಅದನ್ನು ನಡೆಸುತ್ತಿದ್ದರು. 'ಈ ಯಂತ್ರ ಸರ್ವರ್, ಆಫ್ ಮಾಡಬೇಡಿ' ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯೂ ಅದರ ಮೇಲಿತ್ತು. ಡೆಸ್ಕ್‌ಟಾಪನ್ನು ಸರ್ವರ್ ಮಾಡುವ ಕೆಲಸವೆಲ್ಲ ಆ ಚೀಟಿಯಲ್ಲೇ ಇದೆ. ಯಾರೂ ಮುಟ್ಟದೆ, ಯಾರೂ ನೋಡದೆ ಅದು ನಡೆಯುತ್ತಲೇ ಇರಬೇಕು.

ಕಚೇರಿಗಳಿಗೆಂದೇ ತಯಾರಾದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಇದ್ದರೆ ಬ್ಲಾಗ್, ಸಣ್ಣ ಸಂಸ್ಥೆಯ ವೆಬ್‌ಸೈಟ್, ಫೋಟೊ ಸಂಗ್ರಹ ಆರಾಮಾಗಿ ನಡೆಯುತ್ತದೆ. ಆದರೆ ನಿಜವಾದ ಸರ್ವರ್‌ಗಳಲ್ಲಿರುವ ಎರಡು ಪವರ್ ಸಪ್ಲೈ, ಮೆಮೊರಿಯ ತಪ್ಪನ್ನು ತಾನೇ ತಿದ್ದುವ ಇಸಿಸಿ ರ‍್ಯಾಮ್ ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಬೇರೆಯವರ ಹಣದ ಲೆಕ್ಕ, ಖಾಸಗಿ ದಾಖಲೆಗಳನ್ನು ಇದರಲ್ಲಿ ಇಡಬೇಡಿ.

ಮೊದಲು ಕ್ಯಾಬಿನೆಟ್ ಬಿಚ್ಚಿ. ಫ್ಯಾನ್‌ನಲ್ಲಿ, ಬಿಸಿ ಹೊರಹಾಕುವ ಹೀಟ್‌ಸಿಂಕ್‌ನಲ್ಲಿ ಕೂತ ಧೂಳು ತೆಗೆಯಿರಿ. ಹಗಲು ಎಂಟು ಗಂಟೆ ಓಡುವ ಯಂತ್ರಕ್ಕೆ ನಡೆಯುವ ಧೂಳು, 24 ಗಂಟೆ ಓಡುವ ಯಂತ್ರಕ್ಕೆ ನಡೆಯುವುದಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿ; ಕೆಟ್ಟ ಸೆಕ್ಟರ್ (ಹಾಳಾದ ಜಾಗ) ಕಾಣಿಸಿದರೆ ಆ ಡಿಸ್ಕ್ ಬದಲಿಸಿ. ಮದರ್‌ಬೋರ್ಡ್‌ನ ನಾಣ್ಯದಂಥ ಸೆಲ್ ಹಳೆಯದಾಗಿದ್ದರೆ ಹೊಸದು ಹಾಕಿ.

ಈಗ ಬಯಾಸ್, ಅಂದರೆ ಯಂತ್ರ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡ್‌ನೊಳಗಿನ ಸೆಟ್ಟಿಂಗ್ ತಂತ್ರಾಂಶ. ತುಂಬ ಜನ ಮರೆಯುವ ಹೆಜ್ಜೆ ಇದು. ಕರೆಂಟ್ ಹೋಗಿ ಬಂದಾಗ ಡೆಸ್ಕ್‌ಟಾಪ್ ಸಾಮಾನ್ಯವಾಗಿ ಸುಮ್ನೆ ಆಫ್ ಆಗಿಯೇ ಇರುತ್ತದೆ, ಯಾರಾದರೂ ಬಟನ್ ಒತ್ತಲಿ ಎಂದು. ಡೆಲ್‌ನಲ್ಲಿ 'ಎಸಿ ರಿಕವರಿ', ಎಚ್‌ಪಿ ಮತ್ತು ಲೆನೊವೊದಲ್ಲಿ 'ಆಫ್ಟರ್ ಪವರ್ ಲಾಸ್' ಎಂಬ ಆಯ್ಕೆ ಹುಡುಕಿ, 'ಪವರ್ ಆನ್' ಎಂದು ಇಡಿ. ನಾನಿದನ್ನು ಮಾಡದೆ ಊರಿಗೆ ಹೋಗಿದ್ದೆ. ಕರೆಂಟ್ ಹೋಗಿದ್ದು ಒಂದೇ ನಿಮಿಷ. ಸೈಟ್ ಮಾತ್ರ ನಾನು ವಾಪಸ್ ಬರುವವರೆಗೆ, ಮೂರು ದಿನ, ಮುಚ್ಚಿತ್ತು. ಹೊಸ ಸೆಲ್ ಹಾಕಿ ಎಂದಿದ್ದೂ ಇದಕ್ಕೇ: ಸೆಲ್ ಸತ್ತರೆ ಈ ಸೆಟ್ಟಿಂಗ್ ಅಳಿಸಿಹೋಗಬಹುದು. ಜೊತೆಗೆ ಸಣ್ಣ ಯುಪಿಎಸ್ ಇಡಿ, ರೂಟರನ್ನೂ ಅದಕ್ಕೇ ಸೇರಿಸಿ.

ಆಪರೇಟಿಂಗ್ ಸಿಸ್ಟಂ ಆಗಿ ಲಿನಕ್ಸ್‌ನ ಡೆಬಿಯನ್, ಅಥವಾ ಉಬುಂಟು ಸರ್ವರ್‌ನ ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ) ಆವೃತ್ತಿ ಹಾಕಿ. ಉಬುಂಟು ಎಲ್‌ಟಿಎಸ್‌ಗೆ 5 ವರ್ಷ ಉಚಿತ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಐಕಾನ್, ಕಿಟಕಿಗಳ ಡೆಸ್ಕ್‌ಟಾಪ್ ಪರದೆ ಬೇಡ. ದೂರದಿಂದಲೇ ಸುರಕ್ಷಿತವಾಗಿ ಆಜ್ಞೆ ಕೊಡುವ ಎಸ್‌ಎಸ್‌ಎಚ್ ಮೂಲಕ ಬೇರೆ ಕಂಪ್ಯೂಟರ್‌ನಿಂದ ನೋಡಿಕೊಳ್ಳಬಹುದು. ಕೀಲಿ ಕಡತ (ಎಸ್‌ಎಸ್‌ಎಚ್ ಕೀ) ಬಳಸಿ ಲಾಗಿನ್ ಆಗುವಂತೆ ಮಾಡಿ, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿಬಿಡಿ. ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಆಗುವಂತೆ ಇಡಿ.

ಜಾಸ್ತಿ ಹೊತ್ತು ಹಿಡಿಯುವುದು ನೆಟ್‌ವರ್ಕ್. ವೈಫೈ ಬೇಡ, ಕೇಬಲ್ ಹಾಕಿ. ರೂಟರ್‌ನಲ್ಲಿ ಈ ಯಂತ್ರಕ್ಕೆ ಬದಲಾಗದ ಒಳ ವಿಳಾಸ ಕೊಟ್ಟು, 80 ಮತ್ತು 443ನೇ ಪೋರ್ಟ್‌ಗಳನ್ನು (ವೆಬ್ ಪುಟಗಳು ಬಂದುಹೋಗುವ ಬಾಗಿಲುಗಳನ್ನು) ಅದಕ್ಕೆ ತಿರುಗಿಸಿ. ಬೇರೆ ಯಾವ ಪೋರ್ಟನ್ನೂ ತೆರೆಯಬೇಡಿ. ಎಲ್ಲ ಸರಿಯಿದ್ದೂ ಸೈಟ್ ಹೊರಗಿನಿಂದ ತೆರೆಯದಿದ್ದರೆ ರೂಟರ್‌ನ ಹೊರ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ಆಗ ಎಷ್ಟು ಪೋರ್ಟ್ ತೆರೆದರೂ ಯಾರೂ ಒಳಗೆ ಬರಲಾರರು. ಸ್ವಂತ ವಿಳಾಸ ಕೇಳಿ ಪಡೆಯಬೇಕು, ಇಲ್ಲವೇ ಒಳಗಿನಿಂದಲೇ ಹೊರಕ್ಕೆ ಸಂಪರ್ಕ ಕಟ್ಟುವ ಕ್ಲೌಡ್‌ಫ್ಲೇರ್ ಟನಲ್‌ನಂಥದ್ದು ಬಳಸಬೇಕು. ವಿಳಾಸ ಆಗಾಗ ಬದಲಾಗುವುದಾದರೆ, ಸೈಟಿನ ಹೆಸರನ್ನು ಹೊಸ ವಿಳಾಸಕ್ಕೆ ತಾನೇ ಜೋಡಿಸುವ ಡೈನಾಮಿಕ್ ಡಿಎನ್‌ಎಸ್ ಸಾಕು. ಮನೆಯ ಸಂಪರ್ಕದಲ್ಲಿ ಸರ್ವರ್ ನಡೆಸಲು ಕಂಪನಿಯ ಕರಾರು ಬಿಡುತ್ತದೆಯೇ ಎಂದೂ ಓದಿಕೊಳ್ಳಿ.

ವೆಬ್ ಸರ್ವರ್ ತಂತ್ರಾಂಶವಾಗಿ ಎನ್‌ಜಿನ್‌ಎಕ್ಸ್ ಹಾಕಿ, ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಪ್ರಮಾಣಪತ್ರ (ಬ್ರೌಸರ್ ಜೊತೆಗಿನ ಸಂಪರ್ಕ ಗೂಢವಾಗಿರಲು ಬೇಕಾದದ್ದು) ಪಡೆಯಿರಿ. ಅದರ ಅವಧಿ ಚಿಕ್ಕದು, ಹಾಗಾಗಿ ನವೀಕರಣವನ್ನು ಸರ್ಟ್‌ಬಾಟ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿ.

ಬ್ಯಾಕಪ್ ಇನ್ನೊಂದು ಕಡೆ ಇರಲೇಬೇಕು. ಎರಡು ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ಒಂದೇ ಮಾಹಿತಿ ಬರೆಯುತ್ತಿದ್ದರೆ ಸಾಕು ಅಲ್ವಾ ಎಂದು ಹಲವರು ಕೇಳುತ್ತಾರೆ. ಸಾಲದು. ತಪ್ಪಿ ಅಳಿಸಿದ ಕಡತ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ.

ಕರೆಂಟ್ ಖರ್ಚಿನ ಲೆಕ್ಕವೂ ಹಾಕಿ. ಸದಾ 20 ವ್ಯಾಟ್ ಎಳೆಯುವ ಪುಟ್ಟ ಮಾದರಿಗೆ ವರ್ಷಕ್ಕೆ ಸುಮಾರು 175 ಯುನಿಟ್, 60 ವ್ಯಾಟ್‌ನ ದೊಡ್ಡ ಟವರ್‌ಗೆ ಸುಮಾರು 525. ಆಯ್ಕೆ ಇದ್ದರೆ ಪುಟ್ಟದ್ದನ್ನೇ ಹಿಡಿಯಿರಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಯಂತ್ರವನ್ನು ಕ್ರಮವಾಗಿ ಶಟ್‌ಡೌನ್ ಮಾಡದೆ, ಯುಪಿಎಸ್‌ನಿಂದ ಅದರ ಪ್ಲಗ್ ಕೀಳಿ. ಬ್ಯಾಕಪ್ ಆಗಿರಲಿ, ಸೈಟ್‌ಗೆ ಯಾರೂ ಬರದ ಹೊತ್ತಿನಲ್ಲಿ ಮಾಡಿ. ಒಂದು ನಿಮಿಷ ಬಿಟ್ಟು ಮತ್ತೆ ಚುಚ್ಚಿ, ಬಟನ್ ಮುಟ್ಟಬೇಡಿ. ಫೋನ್‌ನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಸೈಟ್ ತೆರೆಯಿರಿ. ಐದು ನಿಮಿಷದೊಳಗೆ ಪುಟ ಬಂದರೆ, ಚೀಟಿ ಅಂಟಿಸಬಹುದು.