ಅಮೆರಿಕಾದಲ್ಲಿ ಸಣ್ಣ ಬಿಸಿನೆಸ್ಸಾ? ಜಿಎಲ್ ಸರ್ಟಿಫಿಕೇಟ್ ನಂಬ್ಕೊಂಡು ಕೂರ್ಬೇಡಿ

ಊರಲ್ಲಿ ಸ್ಕೂಟರ್‌ಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸ್ತೀವಲ್ಲ, ನಮ್ಮ ಗಾಡಿ ಜಖಂ ಆದ್ರೆ ಅದ್ರಿಂದ ನಯಾಪೈಸೆ ಬರಲ್ಲ, ನಾವು ಹೋಗಿ ಇನ್ನೊಬ್ಬರಿಗೆ ಗುದ್ದಿದ್ರೆ ಅವರಿಗೆ ಕೊಡುತ್ತೆ. ಇಲ್ಲಿ ಬಿಸಿನೆಸ್ಸಿಗೆ ಜನರಲ್ ಲಯಬಿಲಿಟಿ ಅಂತ ಇದೆಯಲ್ಲ, ಎಲ್ಲರೂ ಜಿಎಲ್ ಅಂತಾರೆ, ಅದೂ ಹೆಚ್ಚುಕಮ್ಮಿ ಅದೇ ಜಾತಿ. ನಿಮ್ಮ ಕೆಲಸದಿಂದ ಹೊರಗಿನವರ ಮೈಗೆ ಏಟಾದ್ರೆ, ಅವರ ಆಸ್ತಿ ಹಾಳಾದ್ರೆ ಕಂಪನಿ ನೋಡ್ಕೊಳ್ಳುತ್ತೆ, ಯಾರಾದ್ರೂ ಕೇಸ್ ಹಾಕಿದ್ರೆ ಲಾಯರ್‌ನ ಅವರೇ ಇಡ್ತಾರೆ. ನನ್ನ ಕೇಳಿದ್ರೆ ಈ ಲಾಯರ್ ವಿಷಯಾನೇ ಪಾಲಿಸಿಯ ಅರ್ಧ ಬೆಲೆ, ಯಾಕಂದ್ರೆ ತಪ್ಪು ನಮ್ದಲ್ಲ ಅಂತ ತೋರಿಸೋಕೇ ಇಲ್ಲಿ ಹತ್ತಾರು ಸಾವಿರ ಡಾಲರ್ ಕರಗಿ ಹೋಗುತ್ತೆ, ಮತ್ತೆ ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಆ ಲಾಯರ್ ಖರ್ಚು ನಿಮ್ಮ ಲಿಮಿಟ್‌ನಿಂದ, ಅಂದ್ರೆ ಕಂಪನಿ ಹೆಚ್ಚೆಂದ್ರೆ ಕೊಡೋ ಮೊತ್ತದಿಂದ, ಕಳೆಯಲ್ಲ.

ನಾನು ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಕೇಟರಿಂಗ್ ಮಾಡ್ತೀನಿ, ಸೀಮಂತ, ಗೃಹಪ್ರವೇಶ, ನವೆಂಬರ್ ಬಂದ್ರೆ ರಾಜ್ಯೋತ್ಸವದ ಊಟ, ಇಂಥವು. ಇನ್ಶೂರೆನ್ಸ್ ಕಾನೂನು ಇಲ್ಲಿ ಆಯಾ ರಾಜ್ಯದ್ದು, 1945ರ ಮೆಕ್ಯಾರನ್ ಫರ್ಗ್ಯುಸನ್ ಕಾಯ್ದೆಯಿಂದ ಹಾಗೇ ನಡ್ಕೊಂಡು ಬಂದಿದೆ, ಅದಕ್ಕೇ ಟೆಕ್ಸಾಸ್‌ನಲ್ಲಿರೋ ಭಾವಮೈದ ಹೇಳಿದ್ದನ್ನ ಇಲ್ಲಿ ಹಾಗೇ ನಂಬೋಕಾಗಲ್ಲ. ಒಂದೇ ಉದಾಹರಣೆ ಸಾಕು, ಕೆಲಸಗಾರರಿಗೆ ಏಟಾದ್ರೆ ಕೊಡೋ ವರ್ಕರ್ಸ್ ಕಾಂಪ್ ಅನ್ನೋದು ಟೆಕ್ಸಾಸ್‌ನಲ್ಲಿ ಪ್ರೈವೇಟ್ ಮಾಲೀಕರಿಗೆ ಕಡ್ಡಾಯ ಅಲ್ಲ, ಕ್ಯಾಲಿಫೋರ್ನಿಯಾದಲ್ಲಿ ಒಬ್ಬನೇ ಒಬ್ಬ ಕೆಲಸಗಾರ ಇದ್ರೂ ಬೇಕೇ ಬೇಕು.

ಸಾಮಾನ್ಯವಾಗಿ ಎಲ್ಲರೂ ಕೇಳೋ ಲಿಮಿಟ್ ಒಂದು ಘಟನೆಗೆ 10 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 20 ಲಕ್ಷ, ಬ್ರೋಕರ್‌ಗಳ ಬಾಯಲ್ಲಿ ಇದು "ಒನ್ ಟೂ". ಜೊತೆಗೆ ಮೆಡ್ ಪೇ ಅಂತ ಒಂದು ಚಿಕ್ಕ ಭಾಗ ಇರುತ್ತೆ, 5,000 ಡಾಲರ್ ಅಥವಾ 10,000, ಯಾರ ತಪ್ಪು ಅಂತ ಕೇಳದೇನೇ ಬಿದ್ದವರ ಆಸ್ಪತ್ರೆ ಬಿಲ್ ಕೊಡೋದು. ಪಾಲಿಸಿ "ಅಕರೆನ್ಸ್" ಥರದ್ದಾ ಅಂತ ನೋಡ್ಕೊಳ್ಳಿ. ಹಾಗಿದ್ರೆ ಏಟಾಗಿದ್ದು ಪಾಲಿಸಿ ಇದ್ದ ದಿನಗಳಲ್ಲಾದ್ರೆ ಸಾಕು, ಕ್ಲೇಮ್ ಎರಡು ವರ್ಷ ಬಿಟ್ಟು ಬಂದ್ರೂ ಆ ಹಳೇ ಪಾಲಿಸಿನೇ ಉತ್ತರ ಕೊಡುತ್ತೆ, ಅದಕ್ಕೇ ಹಳೇ ಪಾಲಿಸಿ ಪೇಪರ್ ಯಾವತ್ತೂ ಬಿಸಾಕ್ಬೇಡಿ.

ಈಗ ಸರ್ಟಿಫಿಕೇಟ್ ಕಥೆಗೆ ಬರೋಣ. ಹಾಲ್ ಬುಕ್ ಮಾಡಿದ್ರೂ, ದೊಡ್ಡ ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡಿದ್ರೂ ಮೊದಲು ಕೇಳೋದು ಸಿಒಐ, ಅಂದ್ರೆ ನಿಮ್ಮ ಹತ್ರ ಇನ್ಶೂರೆನ್ಸ್ ಇದೆ ಅಂತ ತೋರಿಸೋ ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್. ಅಕಾರ್ಡ್ 25 ಅನ್ನೋ ಒಂದು ಪುಟದ ಫಾರ್ಮು, ಬ್ರೋಕರ್ ಐದು ನಿಮಿಷದಲ್ಲಿ ಈಮೇಲ್ ಮಾಡ್ತಾರೆ, ನಾವು ಫಾರ್ವರ್ಡ್ ಮಾಡಿ ಕೈ ತೊಳ್ಕೊಳ್ತೀವಿ. ಅದೇ ಫಾರ್ಮಿನ ಮೇಲ್ಗಡೆ ಇದು ಬರೀ ಮಾಹಿತಿಗೆ, ಇದನ್ನ ಪಡೆದವರಿಗೆ ಯಾವ ಹಕ್ಕೂ ಬರಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತೆ, ಯಾರೂ ಓದಲ್ಲ, ನಾನೂ ಮೊದಲ ಮೂರು ವರ್ಷ ಓದಿರ್ಲಿಲ್ಲ. ಹಾಲ್‌ನವರು "ನಮ್ಮನ್ನ ಅಡಿಷನಲ್ ಇನ್ಶೂರ್ಡ್ ಮಾಡಿ" ಅಂತ, ಅಂದ್ರೆ ನಿಮ್ಮ ಪಾಲಿಸಿ ನಮ್ಮನ್ನೂ ಕಾಪಾಡ್ಲಿ ಅಂತ ಕೇಳಿದ್ರೆ ಸರ್ಟಿಫಿಕೇಟಲ್ಲಿ ಅವರ ಹೆಸರು ಟೈಪ್ ಮಾಡಿದ್ರೆ ಆಗಲ್ಲ, ಪಾಲಿಸಿಗೇ ಎಂಡಾರ್ಸ್‌ಮೆಂಟ್ ಅಂತ ಬೇರೆ ಹಾಳೆ ಸೇರಬೇಕು. ಕಟ್ಟಡದ ಕೆಲಸ ಮಾಡೋರಿಗೆ ಇದು ಇನ್ನೂ ಸೂಕ್ಷ್ಮ, ಸಿಜಿ 20 10 ಅನ್ನೋ ಹಾಳೆ ಕೆಲಸ ನಡೀತಿರೋವಾಗಿನದಕ್ಕೆ, ಸಿಜಿ 20 37 ಕೆಲಸ ಮುಗಿಸಿ ಬಂದ ಮೇಲೆ ಆಗೋದಕ್ಕೆ, ಇಡೀ ಕೆಲಸ ವಹಿಸ್ಕೊಂಡಿರೋ ಜನರಲ್ ಕಾಂಟ್ರಾಕ್ಟರ್ ಎರಡೂ ಕೇಳಿದ್ದಾಗ ಒಂದೇ ಕೊಟ್ಟು ಸಿಕ್ಕಾಕ್ಕೊಂಡೋರಿದಾರೆ.

ಇನ್ನು ಏನೇನು ಬರಲ್ಲ ಅನ್ನೋದು, ಇದನ್ನೇ ನಿಧಾನವಾಗಿ ಓದಿ. ನಿಮ್ಮ ವ್ಯಾನ್ ಗುದ್ದಿದ್ದು ಬರಲ್ಲ, ಅದಕ್ಕೆ ಕಮರ್ಷಿಯಲ್ ಆಟೋ. ನಿಮ್ಮ ಕೆಲಸಗಾರನ ಕೈ ಸುಟ್ಟಿದ್ದು ಬರಲ್ಲ, ಅದಕ್ಕೆ ವರ್ಕರ್ಸ್ ಕಾಂಪ್. ನೀವು ಹಾಕಿದ ಟೈಲ್ಸೇ ಕಿತ್ತು ಬಂದ್ರೆ ಅದನ್ನ ಮತ್ತೆ ಹಾಕೋ ಖರ್ಚು ಬರಲ್ಲ, ಆದ್ರೆ ಆ ಟೈಲ್ ಯಾರ ಕಾಲ ಮೇಲಾದ್ರೂ ಬಿದ್ರೆ ಕಾಲಿನ ಖರ್ಚು ಬರುತ್ತೆ, ವ್ಯತ್ಯಾಸ ಗೊತ್ತಾಯ್ತಲ್ಲ. ನಮ್ಮಲ್ಲಿ ತುಂಬಾ ಜನ ಸ್ವಂತ ಎಲ್‌ಎಲ್‌ಸಿ, ಅಂದ್ರೆ ಬಿಸಿನೆಸ್ಸಿನ ಸಾಲ ಹೊಣೆ ಮಾಲೀಕರ ಸ್ವಂತ ಆಸ್ತಿಗೆ ಸಾಮಾನ್ಯವಾಗಿ ತಟ್ಟದ ಥರದ ಕಂಪನಿ ಮಾಡ್ಕೊಂಡು ಸಿ2ಸಿ ಮೇಲೆ, ಅಂದ್ರೆ ಕಂಪನಿಯಿಂದ ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಸಾಫ್ಟ್‌ವೇರ್ ಕೆಲಸ ಮಾಡ್ತಾರೆ, ಅವರು ಕೇಳಿಸ್ಕೊಳ್ಳಿ, ನಿಮ್ಮ ಕೋಡ್‌ನಿಂದ ಕ್ಲೈಂಟ್‌ಗೆ ದುಡ್ಡು ಲಾಸ್ ಆದ್ರೆ ಜಿಎಲ್ ಕೆಲಸಕ್ಕೆ ಬರಲ್ಲ, ನೀವು ಅವರ ಆಫೀಸಲ್ಲಿ ಕಾಫಿ ಚೆಲ್ಲಿ ಸರ್ವರ್ ಸುಟ್ಟಿದ್ರೆ ಮಾತ್ರ ಏನೋ ಪ್ರಯೋಜನ. ಕೋಡಿನ ತಪ್ಪಿಗೆ ಎರರ್ಸ್ ಅಂಡ್ ಒಮಿಷನ್ಸ್ ಅಂತ ಬೇರೆ ಪಾಲಿಸಿ, ಅದು ಬಹುತೇಕ "ಕ್ಲೇಮ್ಸ್ ಮೇಡ್" ಥರದ್ದು, ಅಂದ್ರೆ ಕ್ಲೇಮ್ ಬಂದ ದಿನ ಪಾಲಿಸಿ ಜೀವಂತ ಇರಬೇಕು, ಪ್ರಾಜೆಕ್ಟ್ ಮುಗೀತು ಅಂತ ಮಾರನೇ ದಿನಾನೇ ಕ್ಯಾನ್ಸಲ್ ಮಾಡಿದ್ರೆ ಅಷ್ಟು ದಿನ ಕಟ್ಟಿದ್ದು ನೀರಲ್ಲಿ ಹೋಮ. ಎಲ್‌ಎಲ್‌ಸಿ ಇದ್ಮೇಲೆ ಇನ್ಶೂರೆನ್ಸ್ ಯಾಕೆ ಅಂತ ಕೇಳೋರೂ ಇದಾರೆ, ಎಲ್‌ಎಲ್‌ಸಿ ನಿಮ್ಮ ಮನೆ ಉಳಿಸಬಹುದು, ಆದ್ರೆ ನಿಮ್ಮ ಕೈಯಾರೆ ಆದ ತಪ್ಪಿಗೆ ನಿಮ್ಮ ಮೇಲೇ ನೇರ ಕೇಸ್ ಹಾಕಬಹುದು.

ಮನೆ ರಿಪೇರಿ ಕೆಲಸಕ್ಕೆ ಇಳಿಯೋರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಕೊಡೋ ಬೋರ್ಡು 25,000 ಡಾಲರ್ ಬಾಂಡ್ ಕೇಳುತ್ತೆ, 2023ರಿಂದ ಇಷ್ಟಾಗಿದೆ. ಬಾಂಡ್ ಅಂದ್ರೆ ಇನ್ಶೂರೆನ್ಸ್ ಅಲ್ಲ ಸ್ವಾಮಿ, ಬಾಂಡ್ ಕಂಪನಿ ಗಿರಾಕಿಗೆ ಕೊಟ್ಟಿದ್ದನ್ನ ಆಮೇಲೆ ನಿಮ್ಮ ಹತ್ರಾನೇ ವಸೂಲಿ ಮಾಡುತ್ತೆ. ಅದೇ ಬೋರ್ಡು ಎಲ್‌ಎಲ್‌ಸಿ ಹೆಸರಲ್ಲಿ ಲೈಸೆನ್ಸ್ ತಗೊಂಡೋರಿಗೆ ಕಮ್ಮಿ ಅಂದ್ರೂ 10 ಲಕ್ಷ ಡಾಲರ್ ಲಯಬಿಲಿಟಿ ಕಡ್ಡಾಯ ಮಾಡಿದೆ, ಸ್ವಂತ ಹೆಸರಲ್ಲಿ ಮಾಡೋರಿಗೆ ಸಾಮಾನ್ಯವಾಗಿ ಕಡ್ಡಾಯ ಇಲ್ಲ, ಆದ್ರೆ ಮನೆಯವರ ಜೊತೆ ಮಾಡ್ಕೊಳ್ಳೋ ಕಾಂಟ್ರಾಕ್ಟಲ್ಲಿ ಇದೆಯಾ ಇಲ್ವಾ ಅಂತ ಬರೆದು ತಿಳಿಸಬೇಕು.

ವರ್ಷ ಮುಗಿದ ಮೇಲೆ ಆಡಿಟ್ ಬರುತ್ತೆ, ಇದು ಹೊಸಬರಿಗೆ ಶಾಕ್. ಶುರುವಿನಲ್ಲಿ ಕಟ್ಟಿದ ಪ್ರೀಮಿಯಂ ಬರೀ ಅಂದಾಜು, ನಿಜವಾದ ವ್ಯಾಪಾರ ಎಷ್ಟಾಯ್ತು, ಸಂಬಳ ಎಷ್ಟು ಕೊಟ್ರಿ ಅಂತ ಲೆಕ್ಕ ನೋಡಿ ಬಾಕಿ ಕೇಳ್ತಾರೆ. ನೀವು ಕರ್ಕೊಂಡ ಸಬ್‌ಕಾಂಟ್ರಾಕ್ಟರ್ ಹತ್ರ ಅವನದೇ ಇನ್ಶೂರೆನ್ಸ್ ಇಲ್ಲದಿದ್ರೆ ಅವನಿಗೆ ಕೊಟ್ಟ ದುಡ್ಡನ್ನೂ ನಿಮ್ಮ ಲೆಕ್ಕಕ್ಕೇ ಸೇರಿಸ್ತಾರೆ. ಅದಕ್ಕೆ ಕೆಲಸಕ್ಕೆ ಮುಂಚೆ ಅವನ ಸಿಒಐ ತಗೊಂಡು ಫೈಲಲ್ಲಿ ಇಟ್ಕೊಳ್ಳಿ, ಸ್ನೇಹಿತನೇ ಆಗಿದ್ರೂ ಸಂಕೋಚ ಬೇಡ.

"ಎಲ್ಲ ನಮ್ಮವರೇ ಅಲ್ವಾ, ಯಾರು ಕೇಸ್ ಹಾಕ್ತಾರೆ" ಅನ್ನೋ ಮಾತನ್ನ ನಾನೂ ತುಂಬಾ ಹೇಳಿದೀನಿ. ಒಂದು ರಾಜ್ಯೋತ್ಸವದ ಊಟದಲ್ಲಿ ನಮ್ಮ ಹುಡುಗ ಮಜ್ಜಿಗೆ ಪಾತ್ರೆ ಟೇಬಲ್ ಮೇಲಿಡುವಾಗ ಒಂದು ಲೋಟದಷ್ಟು ಕೆಳಗೆ ಚೆಲ್ತು, ಒರೆಸೋಕೆ ಪೇಪರ್ ಟವೆಲ್ ತರೋಕೆ ಒಳಗೆ ಹೋದ, ಅವನು ವಾಪಸ್ ಬರೋದ್ರೊಳಗೆ ಒಬ್ಬರು ಆಂಟಿ ರೇಷ್ಮೆ ಸೀರೆ ನೆರಿಗೆ ಹಿಡ್ಕೊಂಡು ಬಂದು ಅದರ ಮೇಲೆ ಕಾಲಿಟ್ಟು ಜಾರಿದ್ರು. ಮಣಿಕಟ್ಟು ಮುರೀತು. ಆಂಟಿ ದೇವರಂಥೋರು, "ನೀನೇನು ಬೇಕಂತ ಮಾಡಿದ್ಯೇನಪ್ಪಾ, ಬಿಡು" ಅಂದ್ರು. ನಾಲ್ಕು ತಿಂಗಳಾದ ಮೇಲೆ ನಂಗೆ ಲೆಟರ್ ಬಂತು, ಆಂಟಿಯಿಂದಲ್ಲ, ಅವರ ಹೆಲ್ತ್ ಇನ್ಶೂರೆನ್ಸಿನ ಪರವಾಗಿ ವಸೂಲಿ ಮಾಡೋ ಆಫೀಸಿನಿಂದ. ಸಬ್ರೊಗೇಷನ್ ಅಂತಾರೆ ಇದನ್ನ, ಆಪರೇಷನ್ನಿಗೆ ನಾವು ಕೊಟ್ಟಿದೀವಿ, ಬೀಳೋಕೆ ಕಾರಣ ನೀವು, ವಾಪಸ್ ಕೊಡಿ ಅಂತ. ಆಂಟಿಗೇ ಇದು ಗೊತ್ತಿರ್ಲಿಲ್ಲ, ಎಲ್ಲಿ ಹೇಗೆ ಬಿದ್ರಿ ಅಂತ ಒಂದು ಫಾರ್ಮ್ ಬಂದಿತ್ತಂತೆ, ಪ್ರಾಮಾಣಿಕವಾಗಿ ತುಂಬಿ ಕಳ್ಸಿದ್ರು ಅಷ್ಟೇ. 65 ದಾಟಿದವರಿಗೆ ಮೆಡಿಕೇರ್ ಅನ್ನೋ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಇದ್ರೂ ಹೀಗೇನೇ, ಕೊಟ್ಟ ದುಡ್ಡು ವಾಪಸ್ ಕೇಳೋ ಹಕ್ಕು ಸರ್ಕಾರಕ್ಕಿದೆ.

ಅವತ್ತು ನಾನು ಮಾಡೋಕೆ ಹೋಗಿದ್ದ ದೊಡ್ಡ ತಪ್ಪು ಅಂದ್ರೆ "ಆಸ್ಪತ್ರೆ ಖರ್ಚೆಲ್ಲ ನಂದು ಆಂಟಿ" ಅಂತ ಎಲ್ಲರ ಮುಂದೆ ಹೇಳೋಕೆ ಹೊರಟಿದ್ದು, ಪುಣ್ಯಕ್ಕೆ ನನ್ನ ಹೆಂಡತಿ ತೋಳು ಚಿವುಟಿದಳು. ಫಸ್ಟ್ ಏಡ್ ಬಿಟ್ಟು ಬೇರೆ ಯಾವ ಖರ್ಚನ್ನೂ ಕಂಪನಿ ಒಪ್ಪಿಗೆ ಇಲ್ದೆ ನೀವಾಗಿ ಒಪ್ಕೊಂಡ್ರೆ ಅದು ನಿಮ್ಮ ಜೇಬಿಂದಾನೇ ಅಂತ ಸ್ಟ್ಯಾಂಡರ್ಡ್ ಪಾಲಿಸಿಯ ಷರತ್ತುಗಳಲ್ಲೇ ಇದೆ. ನಾವು ಬೆಳೆದಿರೋ ರೀತಿಗೆ ಇದು ಒಂಥರಾ ಕಷ್ಟದ ಷರತ್ತು. ಹಾಗಾಗಿ ಯಾರಾದ್ರೂ ಬಿದ್ರೆ ಮೊದಲು ಎಬ್ಬಿಸಿ, ಐಸ್ ಕೊಡಿ, ಆಸ್ಪತ್ರೆಗೆ ಕಳ್ಸಿ, ನೆಲದ್ದು ನಾಲ್ಕು ಫೋಟೋ ತೆಗೀರಿ, ನೋಡಿದೋರ ಹೆಸರು ಫೋನ್ ನಂಬರ್ ಬರ್ಕೊಳ್ಳಿ, ಅವತ್ತೇ ಬ್ರೋಕರ್‌ಗೆ ಈಮೇಲ್ ಹಾಕಿ, ಲೆಟರ್ ಬರ್ಲಿ ನೋಡೋಣ ಅಂತ ಕಾಯ್ಬೇಡಿ, ತಡ ಮಾಡಿದ್ರೆ ಕಂಪನಿಗೆ ತಕರಾರು ತೆಗೆಯೋಕೆ ನೆಪ ಸಿಗುತ್ತೆ. ಎರಡು ದಿನ ಬಿಟ್ಟು ಹೋಳಿಗೆ ಡಬ್ಬಿ ತಗೊಂಡು ಮನೆಗೆ ಹೋಗಿ ಮಾತಾಡಿಸ್ಕೊಂಡು ಬನ್ನಿ, ದುಡ್ಡಿನ ಮಾತು ಮಾತ್ರ ಎತ್ತಬೇಡಿ.